ಕೋವಿಯ ಒದೆತವೂ ಸ್ಪರ್ಧೆಯ ಸಮತೆಯೂ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳನ್ನು ಒಂದೊಂದಾಗಿ ವಿವರಿಸುವ ಭಾಗವೊಂದುಂಟು. ಅಲ್ಲಿ ಶಸ್ತ್ರವಿನೋದಕ್ಕೂ ಮಲ್ಲವಿನೋದಕ್ಕೂ ಪ್ರತ್ಯೇಕ ಸ್ಥಾನ ದೊರೆತಿದೆ. ಮಲ್ಲರ ಪ್ರಕರಣದಲ್ಲಿ ಗ್ರಂಥಕಾರನು ಪಟ್ಟುಗಳ ವರ್ಣನೆಗೆ ಕೈಹಾಕುವ ಮುಂಚೆ ಮಲ್ಲರನ್ನೇ ವಯಸ್ಸು, ದೇಹಪ್ರಮಾಣ, ಬಲ, ಅಭ್ಯಾಸಗಳಿಗೆ ಅನುಸಾರವಾಗಿ ವರ್ಗಗಳಾಗಿ ವಿಂಗಡಿಸುತ್ತಾನೆ. ಈ ವಿಂಗಡಣೆಯ ಹಿಂದಿರುವ ತತ್ತ್ವವು ಸರಳವಾದುದು: ಅಸಮಾನರ ನಡುವಣ ಸೆಣಸಾಟವು ನೋಡುವವರಿಗೆ ಸೊಗಸಲ್ಲ, ಗೆದ್ದವನಿಗೆ ಕೀರ್ತಿಯೂ ಅಲ್ಲ. ಆಳಂದೆ ಸಾಸಿರವೆಂದು ಶಾಸನಗಳಲ್ಲಿ ಹೆಸರಾದ ನಾಡು ಕಲ್ಯಾಣಕ್ಕೆ ಸಮೀಪದ್ದು. ಇಂದಿಗೂ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಜಾತ್ರೆಗಳಲ್ಲಿ ಕುಸ್ತಿ ಹಿಡಿಸುವಾಗ ಊರ ಹಿರಿಯರು ಪೈಲವಾನರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟನ್ನು ನೋಡಿ, ಜೋಡಿ ಹಚ್ಚುತ್ತಾರೆ. ಜೋಡಿ ಸರಿಯಾಗಲಿಲ್ಲವೆಂದರೆ ನೆರೆದ ಜನರೇ ಕೂಗಿ ಹೇಳುತ್ತಾರೆ. ಲಿಖಿತ ನಿಯಮವಿಲ್ಲದೆಯೂ ನ್ಯಾಯದ ಒಂದು ಅಳತೆ ಅಲ್ಲಿ ನಡೆದುಬಂದಿದೆ.

ಮನುಷ್ಯನ ಬಲ ಮಾತ್ರ ಕಣದಲ್ಲಿದ್ದಾಗ ಈ ಅಳತೆ ಸಾಕು. ಆದರೆ ಅವನ ಕೈಯಲ್ಲಿ ಒಂದು ಯಂತ್ರವಿದ್ದಾಗ ಜೋಡಿ ಹಚ್ಚುವುದು ಹೇಗೆ? ಯಂತ್ರದ ಗುಣವನ್ನು ಎಷ್ಟರಮಟ್ಟಿಗೆ ಆಟಗಾರನ ಗುಣವೆಂದು ಎಣಿಸಬೇಕು? ಒಬ್ಬನ ಯಂತ್ರವು ಅವನಿಗೆ ಸುಖವನ್ನೂ ಪಕ್ಕದವನಿಗೆ ತೊಂದರೆಯನ್ನೂ ಕೊಡುವಂಥದಾದರೆ ಏನು ಮಾಡಬೇಕು? ಕೋವಿಯ ಗುರಿಯಾಟದ ಸ್ಪರ್ಧೆಗಳಲ್ಲಿ ಮಜಲ್ ಬ್ರೇಕ್ ಎಂಬ ಚಿಕ್ಕ ಉಪಕರಣವನ್ನು ಕುರಿತು ನಡೆದುಬಂದಿರುವ ನಿಯಮಗಳು ಈ ಪ್ರಶ್ನೆಗಳನ್ನು ಒಂದೇ ಎಡೆಯಲ್ಲಿ ಮುಂದಿಡುತ್ತವೆ. ವಿಷಯವು ತೀರ ಸಣ್ಣದೆಂದು ಇತಿಹಾಸದ ವಿದ್ಯಾರ್ಥಿಗೆ ತೋರಬಹುದು. ಆದರೆ ಇದರ ಬೇರನ್ನು ಅರಸುತ್ತ ಹೋದರೆ ಭೀಮಾತೀರದ ಇತಿಹಾಸವೂ ಕೊಡಗಿನ ಇತಿಹಾಸವೂ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಪ್ರಸ್ತುತ ಲೇಖನದ ಉದ್ದೇಶವು ಮುಖ್ಯವಾಗಿ ಅದನ್ನು ತೋರಿಸುವುದೇ ಆಗಿದೆ.

ಮೊದಲು ಒದೆತದ ಮಾತು. ಮದ್ದು ಸಿಡಿದು ಗುಂಡು ಮುಂದಕ್ಕೆ ಹೋದಾಗ ಕೋವಿಯು ಹಿಂದಕ್ಕೆ ಒದೆಯುವುದೆಂಬ ಸಂಗತಿಯನ್ನು ನಮ್ಮ ಸೀಮೆಯ ತೋಪುಗಾರರು ಚೆನ್ನಾಗಿ ಬಲ್ಲವರಾಗಿದ್ದರು. 16ನೆಯ ಶತಮಾನದ ದಖ್ಖಣದ ಸುಲ್ತಾನರು ಕೋಟೆಯ ಬುರುಜುಗಳ ಮೇಲೆ ಭಾರವಾದ ತೋಪುಗಳನ್ನು ತಿರುಗುವ ಆಧಾರದ ಮೇಲೆ ಕೂರಿಸಿ, ಅವುಗಳ ಹಿಂದೆ ಒದೆತವನ್ನು ತಾಳಿಕೊಳ್ಳುವಂತೆ ಕಲ್ಲಿನ ಗೋಡೆಗಳನ್ನು ಕಟ್ಟಿಸಿದರು. ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಅವರು 2014ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದಖ್ಖಣದ ಕೋಟೆಗಳು ಮದ್ದುಗುಂಡಿನ ಯುಗಕ್ಕೆ ಹೇಗೆ ಹೊಂದಿಕೊಂಡುವೆಂಬುದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಕಲಬುರಗಿಯ ಕೋಟೆಯಲ್ಲಿ ಇಂದಿಗೂ ಬಿದ್ದಿರುವ 'ಬಾರಾ ಗಜಿ' ತೋಪು 29 ಅಡಿ ಉದ್ದದ್ದೆಂದು ಹೇಳುತ್ತಾರೆ. ಭೀಮೆಯನ್ನು ದಾಟಿ ವಿಜಯಪುರಕ್ಕೆ ಹೋದರೆ ಅಲ್ಲಿನ ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ಇದೆ. ಇದನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದರು, ತೂಕ ಸುಮಾರು 55 ಟನ್ನು. ಇದರ ಬಾಯಿಯು ಆನೆಯನ್ನು ನುಂಗುತ್ತಿರುವ ಮೃಗದ ಬಾಯಿಯಂತೆ ಕೆತ್ತಲ್ಪಟ್ಟಿದೆ. ಬುರುಜಿನ ಮೇಲಿರುವ ನೀರಿನ ತೊಟ್ಟಿಯನ್ನು ತೋರಿಸಿ ಜನರು ಒಂದು ಐತಿಹ್ಯವನ್ನು ಹೇಳುತ್ತಾರೆ: ಬತ್ತಿಗೆ ಕಿಡಿಯಿಟ್ಟ ಕೂಡಲೆ ಗೋಲಂದಾಜನು ಆ ನೀರಿನಲ್ಲಿ ಮುಳುಗಿಬಿಡುತ್ತಿದ್ದನು, ಇಲ್ಲವಾದರೆ ಅವನ ಕಿವಿ ಒಡೆಯುತ್ತಿತ್ತು. ಐತಿಹ್ಯದ ಸತ್ಯಾಸತ್ಯತೆ ಹೇಗೇ ಇರಲಿ, ಅದರಲ್ಲಿ ಅಡಗಿರುವ ತಿಳಿವಳಿಕೆ ಗಮನಾರ್ಹವಾದುದು. ಒದೆತ ಬೇರೆ, ಸ್ಫೋಟದ ಅಬ್ಬರ ಬೇರೆ. ಒದೆತವನ್ನು ಗೋಡೆ ತಾಳಿಕೊಳ್ಳಬಹುದು. ಅಬ್ಬರವನ್ನು ಹತ್ತಿರ ನಿಂತವನ ಕಿವಿಯೇ ತಾಳಿಕೊಳ್ಳಬೇಕು. ಮಜಲ್ ಬ್ರೇಕಿನ ವಿವಾದವೆಲ್ಲ ಈ ಎರಡರ ಭೇದದಲ್ಲಿಯೇ ಇದೆ.

ಕೋವಿಯ ಒದೆತಕ್ಕೆ ಎರಡು ಮೂಲಗಳುಂಟು. ಮುಂದಕ್ಕೆ ಹೋಗುವ ಗುಂಡು ಒಂದು. ಗುಂಡಿನ ಬೆನ್ನಟ್ಟಿ ನಳಿಗೆಯಿಂದ ಅದಕ್ಕಿಂತಲೂ ವೇಗವಾಗಿ ಹೊರನುಗ್ಗುವ ಮದ್ದಿನ ಅನಿಲ ಇನ್ನೊಂದು. ಗುಂಡಿನ ಪಾಲಿನ ಒದೆತವನ್ನು ಯಾವ ಉಪಾಯದಿಂದಲೂ ಕಳೆಯಲಾಗದು. ಅನಿಲದ ಪಾಲನ್ನು ಮಾತ್ರ ಬೇರೆ ದಿಕ್ಕಿಗೆ ತಿರುಗಿಸಬಹುದು. ನಳಿಗೆಯ ಬಾಯಿಗೆ ರಂಧ್ರಗಳುಳ್ಳ ಒಂದು ತುಂಡನ್ನು ತೊಡಿಸಿದರೆ ಅನಿಲವು ನೇರವಾಗಿ ಮುಂದಕ್ಕೆ ಹೋಗದೆ ಮಗ್ಗುಲಿಗೂ ಸ್ವಲ್ಪ ಹಿಂದಕ್ಕೂ ಚಿಮ್ಮುತ್ತದೆ. ಹಿಂದಕ್ಕೆ ಚಿಮ್ಮಿದಷ್ಟೂ ಕೋವಿಯನ್ನು ಮುಂದಕ್ಕೆ ಎಳೆಯುತ್ತದೆ. ಇದೇ ಮಜಲ್ ಬ್ರೇಕ್. ರಂಧ್ರಗಳು ಮೇಲ್ಮುಖವಾಗಿದ್ದರೆ ನಳಿಗೆಯ ಬಾಯಿ ಮೇಲಕ್ಕೆ ಏಳುವುದು ತಪ್ಪುತ್ತದೆ. ಅಂಥದನ್ನು ಕಾಂಪೆನ್ಸೇಟರ್ ಎನ್ನುತ್ತಾರೆ. ಎರಡೂ ಹೆಸರುಗಳು ವ್ಯವಹಾರದಲ್ಲಿ ಬೆರೆತುಹೋಗಿವೆ.

ಇಲ್ಲಿ ಒಂದು ಸ್ಥೂಲ ಲೆಕ್ಕವನ್ನು ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ಈ ವಿಷಯದಲ್ಲಿ ನಡೆಯುವ ವಾದಗಳು ಬಹುಮಟ್ಟಿಗೆ ಲೆಕ್ಕವಿಲ್ಲದೆಯೇ ನಡೆಯುತ್ತವೆ. .308 ಬೋರಿನ ರೈಫಲಿನ ಗುಂಡು 10 ಗ್ರಾಮಿಗೆ ಸ್ವಲ್ಪ ಕಡಿಮೆ ತೂಗುತ್ತದೆ, ಸೆಕೆಂಡಿಗೆ ಸುಮಾರು 850 ಮೀಟರ್ ವೇಗದಲ್ಲಿ ಹೋಗುತ್ತದೆ. ಅದನ್ನು ತಳ್ಳುವ ಮದ್ದು 3 ಗ್ರಾಮಿನಷ್ಟು; ಅದರಿಂದ ಹುಟ್ಟಿದ ಅನಿಲದ ವೇಗ 1,200 ಮೀಟರನ್ನು ಮೀರುತ್ತದೆ. ಈ ಎರಡನ್ನೂ ಗುಣಿಸಿ ಕೂಡಿದರೆ ಒಟ್ಟು ಒದೆತದಲ್ಲಿ ಅನಿಲದ ಪಾಲು ಮೂರರಲ್ಲಿ ಒಂದರಷ್ಟೆಂದು ಕಾಣುತ್ತದೆ. ಆದರೆ .22 ಬೋರಿನ ಸಣ್ಣ ರೈಫಲಿನಲ್ಲಿ ಗುಂಡು ಎರಡೂವರೆ ಗ್ರಾಮಿಗೆ ತುಸು ಹೆಚ್ಚು, ಮದ್ದು ಗ್ರಾಮಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಅಲ್ಲಿ ಅನಿಲದ ಪಾಲು ಎಂಟರಲ್ಲಿ ಒಂದು ಅಥವಾ ಅದಕ್ಕೂ ಕಡಿಮೆ. 12 ಬೋರಿನ ಚರೆಕೋವಿಯಲ್ಲಿ ಚರೆಗಳ ತೂಕವೇ 30 ಗ್ರಾಮನ್ನು ಮೀರುವುದರಿಂದ ಅಲ್ಲಿಯೂ ಅನಿಲದ ಪಾಲು ಅಲ್ಪ. ಎಂದರೆ ಮದ್ದು ಹೆಚ್ಚಾಗಿ ಗುಂಡು ಹಗುರವಾದಷ್ಟೂ ಮಜಲ್ ಬ್ರೇಕಿನ ಪ್ರಯೋಜನ ಹೆಚ್ಚು. ದೊಡ್ಡ ಬೋರಿನ ರೈಫಲಿನವನಿಗೆ ಅದು ನಿಜವಾದ ಅನುಕೂಲ; .22 ರೈಫಲಿನವನಿಗೆ ಬಹುಮಟ್ಟಿಗೆ ಅಲಂಕಾರ. ಎಲ್ಲ ಬಗೆಯ ಕೋವಿಗಳಿಗೂ ಒಂದೇ ಮಾತಿನ ನಿಯಮವನ್ನು ಮಾಡಹೊರಟವರು ಈ ವ್ಯತ್ಯಾಸವನ್ನು ಮರೆತಿರುತ್ತಾರೆ.

ಈ ಉಪಾಯದ ಹುಟ್ಟು ತೋಪಿನಲ್ಲಿ ಆಯಿತು. 19ನೆಯ ಶತಮಾನದ ಮಧ್ಯಭಾಗದಲ್ಲಿ ಫ್ರೆಂಚ್ ತೋಪುಖಾನೆಯ ಅಧಿಕಾರಿ ಟ್ರೆಯ್ ದ ಬೋಲಿಯೊ ಎಂಬಾತನು ತೋಪಿನ ಬಾಯಿಯ ಬಳಿ ಓರೆಯಾದ ರಂಧ್ರಗಳನ್ನು ಕೊರೆಯುವ ಪ್ರಯೋಗ ಮಾಡಿದನು. ಕೈಗೋವಿಗೆ ಇದು ಪ್ರಸಿದ್ಧವಾಗಿ ಬಂದುದು 1920ರ ದಶಕದಲ್ಲಿ, ಅಮೆರಿಕದ ನೌಕಾಸೈನಿಕದಳದ ರಿಚರ್ಡ್ ಕಟ್ಸ್ ಎಂಬ ಅಧಿಕಾರಿಯ ಕಾಂಪೆನ್ಸೇಟರಿನ ಮೂಲಕ. 1928ರ ಥಾಮ್ಸನ್ ಕೋವಿಗೆ ಅದನ್ನು ತೊಡಿಸಿದರು, ಮುಂದೆ ಹಾರುವ ಗುರಿಗೆ ಹೊಡೆಯುವ ಕ್ರೀಡಾಳುಗಳೂ ಚರೆಕೋವಿಗಳಿಗೆ ಹಾಕಿಕೊಂಡರು. ಯುದ್ಧದ ಉಪಕರಣವು ಕ್ರೀಡಾಂಗಣಕ್ಕೆ ಬಂದಾಗಲೇ ನಿಯಮದ ಪ್ರಶ್ನೆಯೂ ಅದರ ಹಿಂದೆ ಬಂದಿತು.

ಗುರಿಯಾಟದ ನಿಯಮಗಳ ಇತಿಹಾಸವು ಇದಕ್ಕಿಂತ ಹಳೆಯದು. ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ರೈಫಲ್ ಸಂಘವು 1859ರಲ್ಲಿ ಸ್ಥಾಪಿತವಾಗಿ, 1860ರ ಜುಲೈಯಲ್ಲಿ ವಿಂಬಲ್ಡನ್ ಬಯಲಿನಲ್ಲಿ ಮೊದಲ ಸ್ಪರ್ಧೆ ನಡೆಯಿತು. ಮೊದಲ ಗುಂಡನ್ನು ಹಾರಿಸಿದವಳು ವಿಕ್ಟೋರಿಯಾ ರಾಣಿ. ವಾಸ್ತವವಾಗಿ ಅವಳು ಮಾಡಿದ್ದು ಯಂತ್ರದ ಆಧಾರದ ಮೇಲೆ ಮೊದಲೇ ಗುರಿಯಿಟ್ಟು ಬಿಗಿದಿದ್ದ ವಿಟ್‌ವರ್ತ್ ರೈಫಲಿನ ದಾರವನ್ನು ಎಳೆದದ್ದಷ್ಟೆ. 400 ಗಜದಾಚೆಯ ಗುರಿಯ ಮಧ್ಯಬಿಂದುವಿನ ಪಕ್ಕದಲ್ಲೇ ಗುಂಡು ನಾಟಿತು. ಯಂತ್ರಕ್ಕೂ ಮನುಷ್ಯನಿಗೂ ಕೀರ್ತಿಯನ್ನು ಹೇಗೆ ಹಂಚಬೇಕೆಂಬ ಪ್ರಶ್ನೆಗೆ ಇದಕ್ಕಿಂತ ವಿನೋದವಾದ ಆರಂಭ ದೊರೆಯಲಾರದು. ಸಂಘದವರು ಈ ಪ್ರಶ್ನೆಯನ್ನು ಬೇಗನೆ ಕಂಡುಕೊಂಡರೆಂದು ತೋರುತ್ತದೆ. ರಾಣಿಯ ಬಹುಮಾನದ ಆರಂಭದ ವರ್ಷಗಳಲ್ಲಿ ಮೊದಲ ಹಂತವನ್ನು ಸೈನ್ಯದ ಎನ್‌ಫೀಲ್ಡ್ ರೈಫಲಿನಿಂದಲೂ ಅಂತಿಮ ಹಂತವನ್ನು ಎಲ್ಲರೂ ಒಂದೇ ಮಾದರಿಯ ವಿಟ್‌ವರ್ತ್ ರೈಫಲಿನಿಂದಲೂ ಹೊಡೆಯಬೇಕಾಗಿದ್ದಿತು. ಇದು ಸಮತೆಯ ಒಂದು ಮಾರ್ಗ: ಎಲ್ಲರ ಕೈಗೂ ಒಂದೇ ಉಪಕರಣ. ಇನ್ನೊಂದು ಮಾರ್ಗವು ದೂರದ ಗುರಿಯ ಪಂದ್ಯಗಳಲ್ಲಿ ಕಾಣಿಸಿತು. 1874ರಲ್ಲಿ ನ್ಯೂಯಾರ್ಕಿನ ಬಳಿಯ ಕ್ರೀಡ್‌ಮೂರಿನಲ್ಲಿ ಐರ್ಲೆಂಡಿಗೂ ಅಮೆರಿಕಕ್ಕೂ ನಡೆದ ಪ್ರಸಿದ್ಧ ಪಂದ್ಯದಲ್ಲಿ ಅವರವರ ರೈಫಲನ್ನು ಅವರವರು ತರಬಹುದಾಗಿದ್ದರೂ ತೂಕ 10 ಪೌಂಡನ್ನು ಮೀರಕೂಡದು, ಕುದುರೆಯನ್ನು ಎಳೆಯಲು 3 ಪೌಂಡಿಗಿಂತ ಕಡಿಮೆ ಬಲ ಸಾಲಕೂಡದು ಎಂಬ ಎಲ್ಲೆಗಳಿದ್ದವು. ಐರಿಷರು ಬಾಯಿಯಿಂದ ಮದ್ದು ತುಂಬುವ ಕೋವಿಗಳನ್ನೂ ಅಮೆರಿಕನ್ನರು ಹಿಂದಿನಿಂದ ತೋಟೆ ಹಾಕುವ ಕೋವಿಗಳನ್ನೂ ತಂದಿದ್ದರು. ನಿಯಮವು ಎರಡಕ್ಕೂ ಎಡೆಗೊಟ್ಟಿತು.

ತೂಕಕ್ಕೆ ಮಿತಿಯಿಟ್ಟುದರಲ್ಲಿ ಒದೆತದ ವಿಚಾರವೂ ಅಡಗಿದೆಯೆಂಬುದನ್ನು ಗಮನಿಸಬೇಕು. ಕೋವಿ ಭಾರವಾದಷ್ಟೂ ಒದೆತ ಕಡಿಮೆ. ತೂಕವನ್ನು ಕಟ್ಟುನಿಟ್ಟು ಮಾಡಿದರೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಒದೆತವನ್ನು ಭುಜದ ಮೇಲೆ ಹೊರಬೇಕು. ಅದನ್ನು ತಾಳಿಕೊಂಡು ಕಣ್ಣು ಮಿಟುಕಿಸದೆ ಹೊಡೆಯುವುದೇ ಅಂದಿನವರ ದೃಷ್ಟಿಯಲ್ಲಿ ಗುರಿಗಾರನ ಗುಣ. ಈ ದೃಷ್ಟಿಯವರಿಗೆ ಮಜಲ್ ಬ್ರೇಕು ಗುಣವನ್ನು ಅಂಗಡಿಯಲ್ಲಿ ಕೊಂಡುತಂದಂತೆ ಕಂಡರೆ ಆಶ್ಚರ್ಯವಿಲ್ಲ.

ಇಪ್ಪತ್ತನೆಯ ಶತಮಾನದ ನಿಯಮಾವಳಿಗಳು ಎರಡು ಕವಲಾಗಿ ಒಡೆದುವು. 1907ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟವು ಇಂದು ಒಲಿಂಪಿಕ್ ಗುರಿಯಾಟವನ್ನು ನಡೆಸುತ್ತಿದೆ. ಅದು ರೈಫಲುಗಳ ಮೇಲೆ ಮಜಲ್ ಬ್ರೇಕನ್ನೂ ಕಾಂಪೆನ್ಸೇಟರನ್ನೂ ರಂಧ್ರ ಕೊರೆದ ನಳಿಗೆಯನ್ನೂ ನಿಷೇಧಿಸಿದೆ. ಅದರ 25 ಮೀಟರ್ ಕ್ಷಿಪ್ರ ಪಿಸ್ತೂಲು ಸ್ಪರ್ಧೆಯ ಕಥೆ ಬೋಧಪ್ರದವಾಗಿದೆ. ಈ ಸ್ಪರ್ಧೆಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಐದು ಗುರಿಗಳಿಗೆ ಹೊಡೆಯಬೇಕಾದುದರಿಂದ ಪಿಸ್ತೂಲು ಮೇಲಕ್ಕೆ ಕುಪ್ಪಳಿಸದಿರುವುದು ಬಲು ಮುಖ್ಯ. 2004ರವರೆಗೆ ಕ್ರೀಡಾಳುಗಳು ಒದೆತವೇ ಇಲ್ಲದಷ್ಟು ಮೆದುವಾದ .22 ಷಾರ್ಟ್ ತೋಟೆಯನ್ನೂ ಅನಿಲವನ್ನು ಮೇಲಕ್ಕೆ ಬಿಡುವ ರಂಧ್ರಗಳುಳ್ಳ ವಿಶೇಷ ಪಿಸ್ತೂಲುಗಳನ್ನೂ ಬಳಸುತ್ತಿದ್ದರು. ಪಿಸ್ತೂಲು ಬರಬರುತ್ತ ಅದೊಂದೇ ಸ್ಪರ್ಧೆಗೆ ಮಾತ್ರ ಉಪಯೋಗಿಯಾದ ದುಬಾರಿ ಯಂತ್ರವಾಯಿತು. 2005ರಿಂದ ನಿಯಮವನ್ನು ಬದಲಾಯಿಸಿ, ಇತರ ಸ್ಪರ್ಧೆಗಳಲ್ಲಿ ಬಳಸುವ ಸಾಮಾನ್ಯ .22 ಪಿಸ್ತೂಲಿನಿಂದಲೇ ಹೊಡೆಯಬೇಕೆಂದು ಗೊತ್ತುಮಾಡಿದರು. ಹಳೆಯ ಪಿಸ್ತೂಲಿಗೆ ಹಣ ಸುರಿದವರಿಗೆ ಇದು ಅನ್ಯಾಯವೆನಿಸಿರಬಹುದು. ಆದರೆ ಹೊಸದಾಗಿ ಕಲಿಯಬಂದವರಿಗೆ ಬಾಗಿಲು ತೆರೆದಂತಾಯಿತೆಂಬುದರಲ್ಲಿ ಸಂದೇಹವಿಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ಸೈನ್ಯದ ವಿಜಯಕುಮಾರರು ಬೆಳ್ಳಿಯ ಪದಕವನ್ನು ಗೆದ್ದುದು ಇದೇ ಸ್ಪರ್ಧೆಯಲ್ಲಿ, ಈ ಹೊಸ ನಿಯಮದ ಕೆಳಗೆ.

ಇನ್ನೊಂದು ಕವಲು 1976ರಲ್ಲಿ ಅಮೆರಿಕದ ಮಿಸೌರಿ ಪ್ರಾಂತದ ಕೊಲಂಬಿಯಾದಲ್ಲಿ ಹುಟ್ಟಿದ ಪ್ರಾಯೋಗಿಕ ಗುರಿಯಾಟದ ಒಕ್ಕೂಟದ್ದು. ಅದು ನಿಷೇಧಿಸಲಿಲ್ಲ, ವಿಂಗಡಿಸಿತು. 'ಓಪನ್' ಎಂಬ ವಿಭಾಗದಲ್ಲಿ ಕಾಂಪೆನ್ಸೇಟರ್ ಉಂಟು. 'ಸ್ಟ್ಯಾಂಡರ್ಡ್' ವಿಭಾಗದಲ್ಲಿ ಇಲ್ಲ. ಎರಡು ವಿಭಾಗಗಳಿಗೂ ಬೇರೆ ಬೇರೆ ಬಹುಮಾನ. ನಮ್ಮ ಜಾತ್ರೆಯ ಜೋಡಿ ಹಚ್ಚುವ ಪದ್ಧತಿಗೆ ಇದು ಹತ್ತಿರವಾದುದು. ಹಾಗಾದರೆ ಇದೇ ಉತ್ತಮ ಮಾರ್ಗವೆಂದು ಒಡನೆಯೇ ತೀರ್ಮಾನಿಸಬಹುದೇ? ಅವಸರಪಡಬಾರದು. ಈ ಸ್ಪರ್ಧೆಯಲ್ಲಿ ಒಂದು ಸಲಕ್ಕೆ ಒಬ್ಬನೇ ಕಣದೊಳಗೆ ಹೋಗಿ ಹೊಡೆಯುತ್ತಾನೆ; ಉಳಿದವರು ದೂರ ಹಿಂದೆ ನಿಲ್ಲುತ್ತಾರೆ. ಪಕ್ಕದಲ್ಲಿ ಇರುವವನು ತೀರ್ಪುಗಾರನೊಬ್ಬನೇ (ಅವನ ಕಿವಿಯ ಪಾಡು ಬೇರೆ). ಒಲಿಂಪಿಕ್ ಮಾದರಿಯ ರೈಫಲ್ ಸ್ಪರ್ಧೆಯಲ್ಲಾದರೋ ಸಾಲಾಗಿ ಮಲಗಿದವರ ನಡುವೆ ಒಂದೂವರೆ ಮೀಟರಿನಷ್ಟೇ ಅಂತರ. ಅಮೆರಿಕದ ರೈಫಲ್ ಸಂಘವೂ ದೂರದ ಗುರಿಗೆ ಸಾಲಾಗಿ ಮಲಗಿ ಹೊಡೆಯುವ ಎಫ್-ಕ್ಲಾಸ್ ಸ್ಪರ್ಧೆಯಲ್ಲಿ ಮಜಲ್ ಬ್ರೇಕನ್ನು ನಿಷೇಧಿಸಿದೆ. ಅಲ್ಲಿ ರೈಫಲ್ ಭಾರವಾಗಿರಲು, ಆಧಾರದ ಮೇಲೆ ಕೂರಲು ಅನುಮತಿಯಿದ್ದರೂ ಬ್ರೇಕಿಗೆ ಇಲ್ಲ. ಆದುದರಿಂದ ಒಂದು ಒಕ್ಕೂಟ ಉದಾರವೆಂದೂ ಇನ್ನೊಂದು ಕಟ್ಟುನಿಟ್ಟಿನದೆಂದೂ ಹೇಳುವುದಕ್ಕಿಂತ, ಪಕ್ಕದಲ್ಲಿ ಮನುಷ್ಯನಿದ್ದಾನೆಯೋ ಇಲ್ಲವೋ ಎಂಬುದರ ಮೇಲೆ ಎರಡು ನಿಯಮಗಳು ಬೇರೆಯಾದುವೆಂದು ಹೇಳುವುದು ಹೆಚ್ಚು ಸರಿಯೆಂದು ನಮಗೆ ತೋರುತ್ತದೆ.

ಆದರೆ ಸ್ಪರ್ಧೆಯ ನಿಯಮವನ್ನು ಮಾಡುವ ಮೊದಲು ಸ್ಪರ್ಧೆಗೆ ಬರುವವರ ಕೈಯಲ್ಲಿ ಕೋವಿ ಇರಬೇಕಷ್ಟೆ. ಯಾರ ಕೈಯಲ್ಲಿ ಕೋವಿ ಇರಬಹುದೆಂಬ ಪ್ರಶ್ನೆ ನಮ್ಮ ಸೀಮೆಯಲ್ಲಿ ರಕ್ತದಿಂದ ಬರೆಯಲ್ಪಟ್ಟ ಪ್ರಶ್ನೆ.

ಜೇವರ್ಗಿಯ ದಕ್ಷಿಣಕ್ಕೆ ಸುರಪುರದ ಬೇಡ ನಾಯಕರ ಸಂಸ್ಥಾನವಿದ್ದಿತು. ಬೇಡರ ಬಂದೂಕುಗಾರರ ಗುರಿಯ ಖಚಿತತೆಯನ್ನು ಜದುನಾಥ ಸರ್ಕಾರರು ತಮ್ಮ ಔರಂಗಜೇಬನ ಇತಿಹಾಸದಲ್ಲಿ ಎತ್ತಿ ಹೇಳಿದ್ದಾರೆ. 1705ರಲ್ಲಿ ಮುದುಕನಾದ ಆ ಬಾದಶಹನು ಸ್ವತಃ ನಡೆಸಿದ ಕೊನೆಯ ಮುತ್ತಿಗೆಯು ಪಿಡ್ಡನಾಯಕನ ವಾಗಿಣಗೇರಿಯ ಮೇಲೆ. ಕೋಟೆ ಕೊನೆಗೆ ಬಿದ್ದಿತಾದರೂ ನಾಯಕನು ಕೈಗೆ ಸಿಗಲಿಲ್ಲ. ಆ ಸಂಸ್ಥಾನದ ಬಾಲಕ ರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ, 1841ರಿಂದ 1853ರವರೆಗೆ, ಆಡಳಿತವನ್ನು ನೋಡಿಕೊಂಡವನು ಮೆಡೋಸ್ ಟೇಲರ್. ಜೇವರ್ಗಿಯ ಬಳಿಯ ಬೃಹತ್ ಶಿಲಾಸಮಾಧಿಗಳನ್ನು ಅಗೆಸಿ ವಿವರಿಸಿದವನೂ ಇವನೇ. 1857ರ ಬಂಡಾಯದ ಕಾಲಕ್ಕೆ ಬ್ರಿಟಿಷ್ ಸರ್ಕಾರವು ಪ್ರಜೆಗಳ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ತಂದಿತು. ಅದಕ್ಕೆ ಮೊದಲ ಪ್ರತಿಭಟನೆಗಳಲ್ಲಿ ಒಂದು ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಂದ ಬಂದಿತು. ಬೇಟೆಯಿಂದ ಬದುಕುವವರಿಗೆ ಆಯುಧವೆಂದರೆ ಅನ್ನವೂ ಹೌದು, ಮಾನವೂ ಹೌದು. 1857ರ ನವೆಂಬರಿನ ಕೊನೆಯಲ್ಲಿ ಸೈನ್ಯವು ಹಲಗಲಿಯನ್ನು ಸುತ್ತಿ ಸುಟ್ಟಿತು. ಸೆರೆಸಿಕ್ಕವರಲ್ಲಿ 19 ಜನರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಈ ಘಟನೆಯನ್ನು ಕುರಿತ ಲಾವಣಿಯನ್ನು ಜೆ. ಎಫ್. ಫ್ಲೀಟರು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದುದರಿಂದ ಅದು ವಿದ್ವಾಂಸರ ಗಮನಕ್ಕೂ ಬಂದಿತು. ಮರುವರ್ಷದ ಫೆಬ್ರುವರಿಯಲ್ಲಿ ಸುರಪುರವೂ ಎದ್ದು ಬಿದ್ದಿತು. ವೆಂಕಟಪ್ಪ ನಾಯಕನು ಸೆರೆಯಾಗಿ ಅದೇ ವರ್ಷ ಗುಂಡೇಟಿನಿಂದ ಮಡಿದನು. 1860ರ ಒಪ್ಪಂದದ ಮೂಲಕ ಸುರಪುರವು ನಿಜಾಮನಿಗೆ ಸೇರಿತು.

ಇದೇ ವರ್ಷಗಳಲ್ಲಿ ಕರ್ನಾಟಕದ ಇನ್ನೊಂದು ತುದಿಯಲ್ಲಿ ನಡೆದುದು ಇದಕ್ಕೆ ತೀರ ವಿರುದ್ಧವಾದುದು. ಕೊಡಗನ್ನು ಬ್ರಿಟಿಷರು 1834ರಲ್ಲಿ ವಶಪಡಿಸಿಕೊಂಡಿದ್ದರು. ತರುವಾಯ ಕೊಡವರು ಸರ್ಕಾರಕ್ಕೆ ಸಲ್ಲಿಸಿದ ಸಹಾಯವನ್ನು ನೆನೆದು, 1861ರ ಫೆಬ್ರುವರಿಯಲ್ಲಿ ಮಡಿಕೇರಿಯಿಂದ ಹೊರಟ ಪ್ರಕಟಣೆಯಲ್ಲಿ ಮೈಸೂರು-ಕೊಡಗುಗಳ ಕಮಿಷನರನಾದ ಮಾರ್ಕ್ ಕಬ್ಬನ್ನನು ನಿಃಶಸ್ತ್ರೀಕರಣದ ಕಾಯಿದೆಯು ಅವರಿಗೆ ಅನ್ವಯಿಸದೆಂದು ಸಾರಿದನು. 1878ರ ಆಯುಧ ಕಾಯಿದೆಯ ಕಾಲದಲ್ಲಿಯೂ ಆ ವಿನಾಯಿತಿ ಉಳಿಯಿತು. ಜಮ್ಮಾ ಹಿಡುವಳಿದಾರರಿಗೂ ಅದು ಸಲ್ಲುತ್ತಿದ್ದಿತು. ಸ್ವತಂತ್ರ ಭಾರತದ 1959ರ ಕಾಯಿದೆಯ ಕೆಳಗೆ 1963ರಲ್ಲಿ ಅದನ್ನು ಮತ್ತೆ ಮಾನ್ಯಮಾಡಿದರು. 2019ರಲ್ಲಿ ಕೇಂದ್ರಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಹೀಗೆ ಭೀಮಾ-ಕೃಷ್ಣೆಯರ ನಾಡಿನ ಗುರಿಗಾರರಿಗೆ ಕಾಯಿದೆಯು ನೇಣಿನೊಡನೆ ಬಂದರೆ ಕಾವೇರಿಯ ಉಗಮದ ನಾಡಿನ ಗುರಿಗಾರರಿಗೆ ಅದರಿಂದ ಬಿಡುಗಡೆ ದೊರೆಯಿತು. 1956ರ ನವೆಂಬರ್ 1ರಂದು ಕಲಬುರಗಿಯೂ ಕೊಡಗೂ ಒಂದೇ ರಾಜ್ಯಕ್ಕೆ ಸೇರಿದಾಗ ಈ ಎರಡು ಚರಿತ್ರೆಗಳೂ ಒಂದೇ ಮನೆಯೊಳಗೆ ಬಂದುವು. ಕೊಡವರ ವಿನಾಯಿತಿಯನ್ನು ಕುರಿತು ನಾವು ಇಲ್ಲಿ ಅಸೂಯೆಯ ಮಾತನ್ನು ಆಡುತ್ತಿಲ್ಲ. ಕೋವಿಯ ಕ್ರೀಡೆ ಎಲ್ಲಿ ಬೇರೂರಬಲ್ಲುದು ಎಂಬುದಕ್ಕೆ ಕಾನೂನಿನ ಚರಿತ್ರೆಯೂ ಒಂದು ಕಾರಣವೆಂದು ಹೇಳುತ್ತಿದ್ದೇವೆ.

ಕೊಡಗಿನಲ್ಲಿ ಅದು ಬೇರೂರಿರುವ ಬಗೆ ನೋಡತಕ್ಕುದು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು. ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡು. ಸೆಪ್ಟೆಂಬರಿನ ಆರಂಭದಲ್ಲಿ ನಡೆಯುವ ಕೈಲ್‌ಪೊದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಸಲ್ಲಿಸಿದ ಮೇಲೆ ಎತ್ತರದ ಮರದ ಕೊಂಬೆಗೆ ತೆಂಗಿನಕಾಯಿಯನ್ನು ಕಟ್ಟಿ ಹೊಡೆಯುವುದು ಹಳೆಯ ಪದ್ಧತಿ. ಹೆಂಗಸರೂ ಇದರಲ್ಲಿ ಭಾಗವಹಿಸುತ್ತಾರೆ. ಇದೇ ಪದ್ಧತಿ ಇಂದು ಊರೂರಿನ ಸಂಘಗಳು ನಡೆಸುವ ತೆಂಗಿನಕಾಯಿ ಸ್ಪರ್ಧೆಯಾಗಿ ಬೆಳೆದಿದೆ. ಅಲ್ಲಿ .22 ರೈಫಲಿಗೆ ಒಂದು ವಿಭಾಗ, 12 ಬೋರಿನ ಕೋವಿಗೆ ಬೇರೊಂದು, ಏರ್‌ಗನ್ನಿಗೆ ಮತ್ತೊಂದು ಎಂದು ವಿಂಗಡಿಸುವುದು ವಾಡಿಕೆಯಾಗಿದೆ. ಈ ವಿಂಗಡಣೆ ಏಕೆ ಅವಶ್ಯವೆಂಬುದು ಗುರಿಯ ಸ್ವರೂಪದಿಂದಲೇ ತಿಳಿಯುತ್ತದೆ. ಕಾಗದದ ಗುರಿಯಲ್ಲಿ ಅಂಕಗಳಿವೆ. ತೆಂಗಿನಕಾಯಿಯಲ್ಲಿ ತಗುಲಿತು ಅಥವಾ ತಗುಲಲಿಲ್ಲ ಎಂಬುದಿಷ್ಟೇ ಇದೆ. ಹರಡಿ ಹಾರುವ ಚರೆಗಳಿಗೂ ಒಂಟಿ ಗುಂಡಿಗೂ ಅಂಥ ಗುರಿಯ ಮುಂದೆ ಸಮಾನತೆಯಿಲ್ಲ. ಆದುದರಿಂದ ಕೋವಿಯ ಜಾತಿಗನುಸಾರ ವಿಭಾಗ ಮಾಡಿದರು. ಜೋಡಿ ಹಚ್ಚಿದರು ಎಂದರೂ ಸಲ್ಲುತ್ತದೆ. ಈ ಸ್ಪರ್ಧೆಗಳಲ್ಲಿ ಬಳಸುವ ಕೋವಿಗಳನ್ನು ಮೇಲಿನ ಲೆಕ್ಕಕ್ಕೆ ಹಚ್ಚಿ ನೋಡಿದರೆ ಮಜಲ್ ಬ್ರೇಕಿನಿಂದ ಯಾರಿಗೂ ಹೇಳಿಕೊಳ್ಳುವಂಥ ಲಾಭವಿಲ್ಲ. ಅಲ್ಲಿ ಅದನ್ನು ನಿಷೇಧಿಸಿದರೆ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ.

ನಿಜವಾದ ತೊಡಕು ಇರುವುದು ದೊಡ್ಡ ಬೋರಿನ ರೈಫಲುಗಳು ಸಾಲಾಗಿ ಸಿಡಿಯುವ ಕ್ಲಬ್ಬುಗಳಲ್ಲಿ. 1951ರಲ್ಲಿ ಲೋಕಸಭೆಯ ಪ್ರಥಮ ಅಧ್ಯಕ್ಷರಾಗಲಿದ್ದ ಜಿ. ವಿ. ಮಾವಳಂಕರರ ಅಧ್ಯಕ್ಷತೆಯಲ್ಲಿ ಸ್ಥಾಪಿತವಾದ ಭಾರತದ ರಾಷ್ಟ್ರೀಯ ರೈಫಲ್ ಸಂಘವು ಅಂತರರಾಷ್ಟ್ರೀಯ ಒಕ್ಕೂಟದ ನಿಯಮಗಳನ್ನೇ ಅನುಸರಿಸುವುದರಿಂದ ಅದರ ಮುಖ್ಯ ಸ್ಪರ್ಧೆಗಳಲ್ಲಿ ವಿವಾದವಿಲ್ಲ. ಕ್ಲಬ್ಬು ತನ್ನ ಸದಸ್ಯರಿಗಾಗಿ ತಾನೇ ಏರ್ಪಡಿಸುವ ಪಂದ್ಯಗಳಲ್ಲಿ ಮಾತ್ರ ನಿಯಮವನ್ನು ತಾನೇ ಮಾಡಬೇಕು. ಅಲ್ಲಿ ಬ್ರೇಕಿನ ಪರವಾಗಿ ಹೇಳುವವರ ಮಾತನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ಭುಜಕ್ಕೆ ಪೆಟ್ಟುಬಿದ್ದವನು, ವಯಸ್ಸಾದವನು, ಮೈಯಲ್ಲಿ ತೆಳ್ಳಗಿರುವ ಹುಡುಗಿ, ಇವರಿಗೆ ಒದೆತ ಕಡಿಮೆಯಾದರೆ ಆಟ ಸಾಧ್ಯವಾಗುತ್ತದೆ. ಒದೆತವನ್ನು ತಾಳುವುದೇ ಗುಣವೆಂಬ ವಿಂಬಲ್ಡನ್ ಕಾಲದ ಮಾತು ಇವರ ಮುಂದೆ ನಿಲ್ಲಲಾರದು. ಗುರಿಯಿಡುವುದು ಕಣ್ಣಿನ, ಉಸಿರಿನ, ಬೆರಳಿನ ಕೆಲಸವೇ ಹೊರತು ಭುಜದ ಮೂಳೆಯ ಕೆಲಸವಲ್ಲ. ಸಮತೆಯ ಹೆಸರಿನಲ್ಲಿ ಬ್ರೇಕನ್ನು ಹೊರಗಿಡುವ ವಾದವು ಇಷ್ಟರಮಟ್ಟಿಗೆ ದುರ್ಬಲವೆಂದೇ ನಮ್ಮ ಅಭಿಪ್ರಾಯ.

ಆದರೆ ಪಕ್ಕದವನ ವಾದವು ಬೇರೆ ಜಾತಿಯದು. ಹಠಾತ್ ಸ್ಫೋಟದ ಶಬ್ದವು 140 ಡೆಸಿಬೆಲ್ಲನ್ನು ಮೀರಿದರೆ ಕಿವಿಗೆ ಅಪಾಯವೆಂದು ವೈದ್ಯರು ಎಣಿಸುತ್ತಾರೆ; ದೊಡ್ಡ ಬೋರಿನ ರೈಫಲು ಬ್ರೇಕಿಲ್ಲದೆಯೂ ಆ ಮಿತಿಯನ್ನು ದಾಟುತ್ತದೆ. ಬ್ರೇಕು ಮುಂದಕ್ಕೆ ಹೋಗಬೇಕಾಗಿದ್ದ ಅಬ್ಬರವನ್ನು ಮಗ್ಗುಲಿಗೆ ತಿರುಗಿಸುವುದರಿಂದ ಪಕ್ಕದಲ್ಲಿ ಮಲಗಿದವನ ಪಾಲಿಗೆ ಅದು ಮತ್ತಷ್ಟು ಹೆಚ್ಚುತ್ತದೆ. ಡೆಸಿಬೆಲ್ಲಿನ ಅಳತೆಯು ಸಾಮಾನ್ಯ ಕೂಡುವ ಲೆಕ್ಕವಲ್ಲವೆಂಬುದನ್ನು ವಿಜ್ಞಾನದ ಅಧ್ಯಾಪಕರು ಬಲ್ಲರು: 10 ಹೆಚ್ಚಿದರೆ ಶಬ್ದಶಕ್ತಿ ಹತ್ತು ಪಟ್ಟಾಗುತ್ತದೆ. ಇದರ ಜೊತೆಗೆ ಭೀಮಾತೀರದ ಎರೆನೆಲದಂಥ ಕಡೆ ಬೇಸಗೆಯಲ್ಲಿ ಬಯಲಿನಲ್ಲಿ ಮಲಗಿ ಹೊಡೆದರೆ ಮಗ್ಗುಲಿಗೆ ಚಿಮ್ಮಿದ ಅನಿಲವು ಧೂಳನ್ನೆಬ್ಬಿಸಿ ಪಕ್ಕದವನ ಕಣ್ಣಿಗೂ ಎರಚುತ್ತದೆ. ಅವನ ಸರದಿ ಬಂದಾಗ ಅವನ ಉಸಿರಿನ ಹದವೇ ಕೆಟ್ಟಿರುತ್ತದೆ. ಒಬ್ಬನ ಭುಜದಿಂದ ಇಳಿದ ಹೊರೆ ಇನ್ನೊಬ್ಬನ ಕಿವಿಯ ಮೇಲೆ ಕೂರುತ್ತದೆಂಬುದೇ ಆಕ್ಷೇಪಣೆಯ ತಿರುಳು. ಹೀಗೆ ನೋಡಿದರೆ ಬ್ರೇಕು ಒದೆತವನ್ನು ಕಡಿಮೆಮಾಡುವುದಕ್ಕಿಂತ ಹಂಚುತ್ತದೆಂದು ಹೇಳಬೇಕು. ಹಂಚಿಸಿಕೊಂಡವನು ಮಾತ್ರ ಒಪ್ಪಿಗೆ ಕೊಟ್ಟವನಲ್ಲ.

ವಿಭಾಗಗಳನ್ನು ಮಾಡಿದ ಮಾತ್ರಕ್ಕೆ ಈ ಎರಡನೆಯ ತೊಂದರೆ ಹೋಗದೆಂಬುದನ್ನು ಒತ್ತಿ ಹೇಳಬೇಕಾಗಿದೆ. ಬ್ರೇಕಿನವರಿಗೆ ಪ್ರತ್ಯೇಕ ಬಹುಮಾನವಿಟ್ಟು ಎಲ್ಲರನ್ನೂ ಒಂದೇ ಸಾಲಿನಲ್ಲಿ ಮಲಗಿಸಿದರೆ ಅಂಕಪಟ್ಟಿ ನ್ಯಾಯವಾಗುತ್ತದೆ, ಕಿವಿ ಮೊದಲಿನಂತೆಯೇ ನೋಯುತ್ತದೆ. ಬ್ರೇಕಿನವರನ್ನು ಬೇರೆ ಸರದಿಯಲ್ಲಿ ಹೊಡೆಯಿಸಿದರೆ ಅಥವಾ ಸಾಲಿನ ಕೊನೆಯಲ್ಲಿ ಒಂದೆರಡು ಸ್ಥಾನಗಳನ್ನು ಬರಿದುಬಿಟ್ಟು ಗಾಳಿ ಬೀಸಿಹೋಗುವ ಮಗ್ಗುಲಿಗೆ ಇರಿಸಿದರೆ ಮಾತ್ರ ಪ್ರಯೋಜನ. ಕ್ಲಬ್ಬಿನ ಬಯಲು ಚಿಕ್ಕದಾಗಿದ್ದು ಇವೆರಡೂ ಸಾಧ್ಯವಿಲ್ಲದಿದ್ದರೆ ಒಲಿಂಪಿಕ್ ನಿಯಮದಂತೆ ನಿಷೇಧಿಸುವುದೇ ನೇರವಾದ ದಾರಿ. ಆಗ ಒದೆತ ತಾಳಲಾರದವರಿಗೆ ಬೇರೆ ಪರಿಹಾರಗಳನ್ನು ನಿಯಮದಲ್ಲಿಯೇ ಹೇಳಬೇಕು: ರೈಫಲಿನ ತೂಕದ ಮಿತಿಯನ್ನು ಅವರಿಗಾಗಿ ಸಡಿಲಿಸುವುದು, ಬುಡಕ್ಕೆ ರಬ್ಬರಿನ ಮೆತ್ತೆಯನ್ನು ಅನುಮತಿಸುವುದು, ಸಣ್ಣ ಬೋರಿನ ವಿಭಾಗವನ್ನು ಸಮಾನ ಗೌರವದಿಂದ ನಡೆಸುವುದು. ಇವುಗಳಲ್ಲಿ ಯಾವುದೂ ಪಕ್ಕದವನಿಂದ ಏನನ್ನೂ ಕಸಿಯುವುದಿಲ್ಲ.

ನಿಯಮವನ್ನು ಸ್ಪರ್ಧೆಯ ದಿನ ಬೆಳಗ್ಗೆ ಮಾಡಬಾರದೆಂಬುದೂ ಕ್ಷಿಪ್ರ ಪಿಸ್ತೂಲಿನ ಕಥೆಯಿಂದ ತಿಳಿಯುತ್ತದೆ. ಹಣ ಕೊಟ್ಟು ಉಪಕರಣ ತಂದವನಿಗೆ ಒಂದು ಋತುವಿನಷ್ಟಾದರೂ ಅವಧಿ ಕೊಡಬೇಕು. ತಿರುಪಿನಿಂದ ಬಿಚ್ಚಬಹುದಾದ ಬ್ರೇಕಿದ್ದರೆ ಬಿಚ್ಚಿಸಿ ಆಡಗೊಡಬಹುದು. ನಳಿಗೆಯಲ್ಲಿಯೇ ರಂಧ್ರ ಕೊರೆದಿದ್ದರೆ ಬಿಚ್ಚುವ ಮಾತಿಲ್ಲ. ಅಂಥವನನ್ನು ಸಾಲಿನ ಕೊನೆಗೆ ಕಳಿಸುವುದೋ ಹಿಂದಕ್ಕೆ ಕಳಿಸುವುದೋ ಎಂಬುದನ್ನು ಮೊದಲೇ ಬರೆದಿಟ್ಟಿರಬೇಕು. ಬಿಚ್ಚಿದ ಮೇಲೆ ಗುಂಡು ಬೀಳುವ ಎಡೆ ಸ್ವಲ್ಪ ಬದಲಾಗುವುದರಿಂದ, ಬಿಚ್ಚಿಸಿದವನಿಗೆ ಗುರಿಯನ್ನು ಸರಿಪಡಿಸಿಕೊಳ್ಳಲು ಕೆಲವು ಗುಂಡುಗಳ ಅವಕಾಶವನ್ನೂ ತೀರ್ಪುಗಾರರು ಕೊಡಬೇಕಾಗುತ್ತದೆ.